ಇಂಟರೆಸ್ಟ್: ಆಸಕ್ತಿಯೋ, ಬಡ್ಡಿಯೋ, ಹಿತವೋ, ಪಾಲೋ?

ಇಂಗ್ಲಿಷಿನ ‘ಇಂಟರೆಸ್ಟ್’ ನಮಗೆ ಭಾಷಾ ಪಾಠದಲ್ಲಿ ಆಸಕ್ತಿಯಾಗಿ, ಗಣಿತದಲ್ಲಿ ಬಡ್ಡಿಯಾಗಿ ಪರಿಚಯವಾಗುತ್ತದೆ. ಹಿತ, ಪಾಲು ಎಂಬ ಇನ್ನೆರಡು ಅರ್ಥಗಳನ್ನು ಯಾರೂ ಹೇಳಿಕೊಡುವುದಿಲ್ಲ. ಅವು ನೇರ ಕರಾರುಪತ್ರಗಳಲ್ಲಿ, ಆಫೀಸಿನ ಈಮೇಲ್‌ಗಳಲ್ಲಿ ಎದುರಾಗುತ್ತವೆ. ಈ ನಾಮಪದದ ಅರ್ಥವನ್ನು ಅದೊಂದನ್ನೇ ನೋಡಿ ಹೇಳಲಾಗದು. ಹಿಂದಿನ ಕ್ರಿಯಾಪದ, ಮುಂದಿನ ಪ್ರಿಪೊಸಿಷನ್ (‘ಇನ್’, ‘ಆನ್’ ಥರದ ಪದ), ಜೊತೆಗೆ ‘ಒಂದು’ ಎಂಬರ್ಥದ ‘ಆ್ಯನ್’ ಇದೆಯೋ ಇಲ್ಲವೋ ಎಂಬುದನ್ನು ನೋಡಬೇಕು.

ಬಡ್ಡಿಯ ಅರ್ಥ ಸುಲಭ. ‘ಇಂಟರೆಸ್ಟ್ ಆನ್ ದಿ ಲೋನ್’, ‘ಪೇ ಇಂಟರೆಸ್ಟ್’, ‘ಅರ್ನ್ ಇಂಟರೆಸ್ಟ್’: ‘ಆನ್’ ಬಂದರೆ ಬಹುತೇಕ ದುಡ್ಡಿನ ಮಾತೇ. ಈ ಅರ್ಥದಲ್ಲಿ ಬಹುವಚನವಿಲ್ಲ, ‘ಆ್ಯನ್’ ಕೂಡ ಇಲ್ಲ. ಎರಡು ಸಾಲಗಳ ಬಡ್ಡಿಯಾದರೂ ‘ಇಂಟರೆಸ್ಟ್ಸ್’ ಎಂದು ಬರೆಯಬಾರದು. ದರದ ಬಗ್ಗೆಯೂ ಒಂದು ಎಚ್ಚರಿಕೆ: ಬಡ್ಡಿದರ 8ರಿಂದ 9 ಶೇಕಡಾಕ್ಕೆ ಏರಿದರೆ ಅದು ‘ಒನ್ ಪರ್ಸೆಂಟೇಜ್ ಪಾಯಿಂಟ್’ ಏರಿಕೆ, ‘ಒನ್ ಪರ್ಸೆಂಟ್’ ಅಲ್ಲ. ಹಳೆಯ ದರವಾದ 8ಕ್ಕೆ ಹೋಲಿಸಿದರೆ ಆ ಏರಿಕೆ 12.5 ಶೇಕಡಾ.

ನಾವು ಹೆಚ್ಚು ಎಡವುವುದು ಆಸಕ್ತಿಯಲ್ಲಿ. ಕನ್ನಡದಲ್ಲಿ ‘ಸಂಗೀತದ ಮೇಲೆ ಆಸಕ್ತಿ’ ಎನ್ನುತ್ತೇವಲ್ಲ, ಆ ‘ಮೇಲೆ’ ಇಂಗ್ಲಿಷಿಗೂ ಹೋಗಿ ‘ಇಂಟರೆಸ್ಟ್ ಆನ್ ಮ್ಯೂಸಿಕ್’ ಆಗಿಬಿಡುತ್ತದೆ. ಓದುವವರಿಗೆ ಸಂಗೀತಕ್ಕೆ ಬಡ್ಡಿ ಕಟ್ಟಿದಂತೆ ಕೇಳುತ್ತದೆ! ಇಲ್ಲಿ ‘ಇನ್’ ಬೇಕು. ‘ಕಲಿಯಲು ಆಸಕ್ತಿ’ ಎಂಬುದನ್ನು ‘ಇಂಟರೆಸ್ಟ್ ಟು ಲರ್ನ್’ ಎನ್ನುವುದೂ ಹೀಗೇ ಆಗುವ ತಪ್ಪು. ಸರಿಯಾದದ್ದು ‘ಇಂಟರೆಸ್ಟ್ ಇನ್ ಲರ್ನಿಂಗ್’. ಆದರೆ ‘ಐ ಆ್ಯಮ್ ಇಂಟರೆಸ್ಟೆಡ್ ಟು ನೋ’, ‘ಟು ಸೀ’, ‘ಟು ಹಿಯರ್’ ಸರಿಯೇ. ತಿಳಿಯುವ, ನೋಡುವ, ಕೇಳುವ ಕ್ರಿಯಾಪದಗಳ ಜೊತೆ ‘ಇಂಟರೆಸ್ಟೆಡ್’ ಬಂದಾಗ ‘ಟು’ ನಡೆಯುತ್ತದೆ. ಅರ್ಜಿಯಲ್ಲಿ ‘ಐ ಆ್ಯಮ್ ಇಂಟರೆಸ್ಟಿಂಗ್ ಇನ್ ದಿಸ್ ಜಾಬ್’ ಎಂದು ಬರೆಯುವವರೂ ಇದ್ದಾರೆ. ಆಸಕ್ತಿ ಇರುವವರು ‘ಇಂಟರೆಸ್ಟೆಡ್’, ಆಸಕ್ತಿ ಹುಟ್ಟಿಸುವುದು ‘ಇಂಟರೆಸ್ಟಿಂಗ್’.

ಬಡ್ಡಿಗೆ ಸಲ್ಲದ ‘ಆ್ಯನ್’ ಆಸಕ್ತಿಗೆ ಸಲ್ಲುತ್ತದೆ: ‘ಶೀ ಟೇಕ್ಸ್ ಆ್ಯನ್ ಇಂಟರೆಸ್ಟ್ ಇನ್ ಹಿಸ್ಟರಿ’. ಹವ್ಯಾಸಗಳನ್ನು ಸೂಚಿಸುವಾಗ ಬಹುವಚನವೂ ಸರಿ.

‘ಇನ್’ ಕಂಡ ತಕ್ಷಣ ಆಸಕ್ತಿ ಎಂದುಕೊಂಡರೆ ಮೋಸಹೋಗುತ್ತೀರಿ. ‘ಹೀ ಹ್ಯಾಸ್ ಆ್ಯನ್ ಇಂಟರೆಸ್ಟ್ ಇನ್ ದಿ ಕಂಪನಿ’ ಎಂದು ಕಾನೂನು ಅಥವಾ ವ್ಯವಹಾರದ ಕಾಗದದಲ್ಲಿದ್ದರೆ ಅವನಿಗೆ ಆ ಕಂಪನಿಯಲ್ಲಿ ಪಾಲಿದೆ ಎಂದೇ ಓದಿಕೊಳ್ಳಿ. ‘20 ಪರ್ಸೆಂಟ್ ಇಂಟರೆಸ್ಟ್ ಇನ್ ದಿ ಫರ್ಮ್’ ಎಂದರೂ ಪಾಲೇ. ಅದನ್ನು 20 ಶೇಕಡಾ ಬಡ್ಡಿ ಎಂದು ಅನುವಾದಿಸಿದರೆ ಇಡೀ ಕರಾರು ತಲೆಕೆಳಗಾಗುತ್ತದೆ. ಸಭೆಯಲ್ಲಿ ಸದಸ್ಯರೊಬ್ಬರು ‘ಡಿಕ್ಲೇರ್ ಆ್ಯನ್ ಇಂಟರೆಸ್ಟ್’ ಮಾಡಿದರೆಂದರೆ, ಚರ್ಚೆಯಲ್ಲಿರುವ ವಿಷಯದಲ್ಲಿ ತಮಗೆ ಸ್ವಂತ ಲಾಭವೋ ನಂಟೋ ಇದೆಯೆಂದು ಮೊದಲೇ ತಿಳಿಸಿದರು ಎಂದರ್ಥ. ‘ಕಾನ್‌ಫ್ಲಿಕ್ಟ್ ಆಫ್ ಇಂಟರೆಸ್ಟ್’ ಹುಟ್ಟುವುದೂ ಇದೇ ಅರ್ಥದಿಂದ. ಅದು ಅಭಿರುಚಿಗಳ ಜಗಳವಲ್ಲ, ಹಿತಾಸಕ್ತಿಗಳ ಸಂಘರ್ಷ.

ಹಿತದ ಅರ್ಥಕ್ಕೆ ‘ಇನ್’ ಹಿಂದೆ ಬರುತ್ತದೆ: ‘ಇನ್ ಯುವರ್ ಇಂಟರೆಸ್ಟ್’, ‘ಇನ್ ದಿ ಪಬ್ಲಿಕ್ ಇಂಟರೆಸ್ಟ್’. ಮೊದಲನೆಯದರಲ್ಲಿ ಏಕವಚನ, ಬಹುವಚನ ಎರಡೂ ಬಳಕೆಯಲ್ಲಿವೆ. ‘ಇನ್ ದಿ ಇಂಟರೆಸ್ಟ್ ಆಫ್ ಟೈಮ್’ ಎಂಬುದನ್ನು ಮಾತ್ರ ‘ಸಮಯದ ಹಿತದೃಷ್ಟಿಯಿಂದ’ ಎನ್ನಬೇಡಿ. ಸಮಯಕ್ಕೆಲ್ಲಿಯ ಹಿತ? ‘ಸಮಯ ಉಳಿಸಲು’ ಎಂದರೆ ಸಾಕು.

‘ವಿತ್ ಇಂಟರೆಸ್ಟ್’ ಇನ್ನೂ ತಮಾಷೆ. ‘ಲಿಸನ್ಡ್ ವಿತ್ ಇಂಟರೆಸ್ಟ್’ ಎಂದರೆ ಕುತೂಹಲದಿಂದ ಕೇಳಿದರು. ‘ರಿಪೇಯ್ಡ್ ವಿತ್ ಇಂಟರೆಸ್ಟ್’ ಎಂದರೆ ಬಡ್ಡಿ ಸಮೇತ ತೀರಿಸಿದರು. ಅರ್ಥ ತೀರ್ಮಾನಿಸುವುದು ಕ್ರಿಯಾಪದ. ಅವಮಾನವನ್ನು ‘ವಿತ್ ಇಂಟರೆಸ್ಟ್’ ಹಿಂದಿರುಗಿಸುವುದೂ ಉಂಟು, ನಾವು ಸೇಡನ್ನು ಬಡ್ಡಿ ಸಮೇತ ತೀರಿಸುವ ಹಾಗೆ.

ಈ ನಾಲ್ಕೂ ಅರ್ಥಗಳ ಬೇರು ‘ನಡುವೆ ಇರು, ಸಂಬಂಧಪಡು’ ಎಂಬರ್ಥದ ಲ್ಯಾಟಿನ್ ಪದ. ಮಧ್ಯಯುಗದ ಯುರೋಪಿನಲ್ಲಿ ಚರ್ಚು ಬಡ್ಡಿ ವ್ಯವಹಾರವನ್ನು ನಿಷೇಧಿಸಿತ್ತು. ಸಾಲ ಕೊಟ್ಟವನಿಗಾದ ನಷ್ಟಕ್ಕೆ ಪರಿಹಾರ ಪಡೆಯಲು ಮಾತ್ರ ಅವಕಾಶವಿತ್ತು. ಆ ಪರಿಹಾರದ ಹೆಸರೇ ಕ್ರಮೇಣ ಬಡ್ಡಿಯ ಹೆಸರಾಯಿತು.

‘ಡಿಸ್‌ಇಂಟರೆಸ್ಟೆಡ್’ ಮತ್ತು ‘ಅನ್‌ಇಂಟರೆಸ್ಟೆಡ್’ ಎಂಬ ಜೋಡಿ ಬೇರೆಯಾಗುವುದೂ ಪಾಲಿನ ಅರ್ಥದಿಂದಲೇ. ಮೊದಲನೆಯದು ಸ್ವಂತ ಲಾಭವಿಲ್ಲದ, ನಿಷ್ಪಕ್ಷಪಾತಿಯಾದ ಎಂಬರ್ಥದ್ದು. ಎರಡನೆಯದು ಆಸಕ್ತಿಯಿಲ್ಲದ ಎಂಬರ್ಥದ್ದು. ಮಾತಿನಲ್ಲಿ ಹಲವರು ಎರಡನ್ನೂ ಒಂದೇ ಮಾಡುತ್ತಾರೆ, ಬರಹದಲ್ಲಿ ಬೇರೆಯಾಗಿಯೇ ಇಡುವುದು ಕ್ಷೇಮ. ನ್ಯಾಯ ತೀರ್ಮಾನಿಸುವವರು ‘ಡಿಸ್‌ಇಂಟರೆಸ್ಟೆಡ್’ ಆಗಿರಬೇಕು, ‘ಅನ್‌ಇಂಟರೆಸ್ಟೆಡ್’ ಆಗಿ ತೂಕಡಿಸಬಾರದು.