ಸಂಜೆ ಆರರ ಕಾಫಿಗೆ ಒಂದು ಡಿಕಾಫ್ ಹುಡುಕಿದ್ದು

ಬೆಳಗಿನ ಕಾಫಿ ಬೇಕಾದರೆ ಬಿಟ್ಟೇನು, ಸಂಜೆ ಆರರ ಕಾಫಿ ಬಿಡೋಕೆ ನನ್ನಿಂದ ಆಗಲ್ಲ. ಆದರೆ ವಯಸ್ಸು 45 ದಾಟಿದ್ದೇ ತಡ, ಆ ಒಂದು ಲೋಟ ನನ್ನನ್ನು ರಾತ್ರಿ ಒಂದೂವರೆ ತನಕ ಫ್ಯಾನ್ ನೋಡುತ್ತಾ ಮಲಗಿಸತೊಡಗಿತು. ಕುಡಿದ ಕೆಫೀನ್‌ನಲ್ಲಿ ಅರ್ಧ ಮೈಯಿಂದ ಹೋಗುವುದಕ್ಕೆ ಸುಮಾರು 5 ಗಂಟೆ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಆರಕ್ಕೆ ಕುಡಿದರೆ ಹನ್ನೊಂದಕ್ಕೂ ಅರ್ಧ ಲೋಟ ಒಳಗೇ ಕೂತಿದೆ ಅಂತ ಲೆಕ್ಕ. ಅಮ್ಮ "ಬಾದಾಮಿ ಹಾಲು ಕುಡಿ" ಅಂದರು. ಸರಿ, ಎರಡು ದಿನ ಕುಡಿದೆ. ಮೂರನೇ ದಿನ ಡಿಕಾಫ್, ಅಂದರೆ ಕೆಫೀನ್ ತೆಗೆದ ಕಾಫಿ ಕೇಳೋಣ ಅಂತ ಕಾಫಿ ಪುಡಿ ಅಂಗಡಿಗೆ ಹೋದೆ.

ನಮ್ಮ ರಸ್ತೆ ತುದಿಯಲ್ಲೇ ಇರುವ ಅಂಗಡಿ ಅದು. ಪೀಬೆರಿ ತೂಗುತ್ತಿದ್ದವರು ನನ್ನ ಪ್ರಶ್ನೆ ಕೇಳಿ ತಲೆ ಎತ್ತಿದರು. "ಡಿಕಾಫಾ? ಕಾಫಿಯಿಂದ ಕಾಫೀನೇ ತೆಗೆದ್ರೆ ಇನ್ನೇನ್ ಉಳಿಯತ್ತೆ ಮೇಡಂ? ಚಿಕೋರಿ ಒಂಚೂರು ಜಾಸ್ತಿ ಹಾಕ್ಕೊಡ್ತೀನಿ ಬಿಡಿ."

ಆಗ ನಕ್ಕು ಬಂದೆ. ಆಮೇಲೆ ಯೋಚಿಸಿದರೆ ಅವರ ಮಾತಲ್ಲಿ ಅರ್ಧ ನಿಜ ಇದೆ. ಚಿಕೋರಿ ಅನ್ನುವುದು ಬೇರು, ಅದರಲ್ಲಿ ಕೆಫೀನ್ ಇಲ್ಲವೇ ಇಲ್ಲ. 60 ಪಾಲು ಕಾಫಿಗೆ 40 ಪಾಲು ಚಿಕೋರಿ ಬೆರೆಸಿದ 60-40 ಪುಡಿ ಕುಡಿಯುವವರಿಗೆ ಅಷ್ಟೇ ತೂಕದ ಬರೀ ಕಾಫಿಗಿಂತ ಕೆಫೀನ್ ಕಮ್ಮಿಯೇ ಸಿಗುತ್ತಿರುತ್ತದೆ, ಅವರಿಗೆ ಗೊತ್ತಿರಲ್ಲ ಅಷ್ಟೆ. ಆದರೆ ಚಿಕೋರಿ ಅದಕ್ಕಿಂತ ಮೇಲೆ ಹೋದರೆ ನನಗೆ ಸುಟ್ಟ ಬೆಲ್ಲದ ಕಷಾಯ ಕುಡಿದ ಹಾಗಾಗುತ್ತದೆ.

ಕೊನೆಗೆ ಆನ್‌ಲೈನ್‌ನಲ್ಲಿ ಒಂದು ಪ್ಯಾಕೆಟ್ ತರಿಸಿದೆ. ಯಾವ ಕಂಪನಿ ಅಂತ ಕೇಳಬೇಡಿ. ಬಿಡಿಸಿದರೆ ಬೀಜ ಕಪ್ಪಗೆ, ಕೈಗೆ ಎಣ್ಣೆ ಹತ್ತುವಷ್ಟು ಜಿಡ್ಡು, ಹುರಿದ ದಿನಾಂಕ ಎಲ್ಲೂ ಇಲ್ಲ. ಡಿಕಾಕ್ಷನ್ ಏನೋ ಕಪ್ಪಗೇ ಇಳಿಯಿತು. ಹಾಲು ಬೆರೆಸಿ ಅಮ್ಮನಿಗೂ ಒಂದು ಲೋಟ ಕೊಟ್ಟೆ. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. "ಇದೇನೇ, ಒದ್ದೆ ಗೋಣಿಚೀಲ ಹಿಂಡಿದ ಹಾಗಿದೆ?"

ಅಂಗಡಿಯವರು ಗೆದ್ದರು ಅಂದುಕೊಂಡೆ. ಆದರೂ ಸುಮ್ನೆ ಬಿಡೋಕೆ ಮನಸ್ಸಾಗಲಿಲ್ಲ, ಯಾಕೆ ಹೀಗೆ ಅಂತ ಓದುತ್ತಾ ಕೂತೆ.

ಕೆಫೀನ್ ತೆಗೆಯುವುದು ಹುರಿಯುವ ಮೊದಲು, ಹಸಿ ಬೀಜದಲ್ಲಿ. ಬೀಜವನ್ನು ನೆನೆಸಿ ಅಥವಾ ಹಬೆಯಲ್ಲಿ ಮೆತ್ತಗೆ ಮಾಡಿ, ಕೆಫೀನ್ ಹೊರಗೆ ಎಳೆದು, ಮತ್ತೆ ಒಣಗಿಸುತ್ತಾರೆ. ಅಷ್ಟು ಹೊತ್ತಿಗೆ ಹಸಿರು ಬೀಜ ಆಗಲೇ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಒಳಗೂ ಸಡಿಲ ಆಗಿರುತ್ತದೆ. ಹುರಿಯುವವರು ಎಂದಿನ ಹಾಗೆ ಬಣ್ಣ ನೋಡಿ ಇಳಿಸೋಣ ಅಂದರೆ ಲೆಕ್ಕ ತಪ್ಪುತ್ತದೆ. ಸ್ವಲ್ಪ ಜಾಸ್ತಿ ಹುರಿದರೂ ಎಣ್ಣೆ ಬೇಗ ಮೇಲೆ ಬರುತ್ತದೆ, ಎಣ್ಣೆ ಬಂದ ಬೀಜ ಬೇಗ ಮುಗ್ಗುತ್ತದೆ. ಅಂದರೆ ನನ್ನ ಪ್ಯಾಕೆಟ್‌ನ ಗೋಣಿಚೀಲದ ವಾಸನೆಗೆ ಕೆಫೀನ್ ಹೋಗಿದ್ದೊಂದೇ ಕಾರಣ ಇರಲಿಕ್ಕಿಲ್ಲ. ಕೆಫೀನ್‌ಗೆ ಅದರದ್ದೇ ಒಂದು ಕಹಿ ಇದೆ ನಿಜ, ಆದರೆ ಕಾಫಿಯ ಕಹಿಯಲ್ಲಿ ಅದರ ಪಾಲು ಚಿಕ್ಕದು. ಘಮಕ್ಕಂತೂ ಅದು ಬೇಕೇ ಇಲ್ಲ.

ಹೇಗೆ ತೆಗೆಯುತ್ತಾರೆ ಅನ್ನುವುದರ ಮೇಲೂ ರುಚಿ ನಿಂತಿದೆ. ಇದನ್ನು ಮೊದಲು ವ್ಯಾಪಾರ ಮಾಡಿದ್ದು ಜರ್ಮನಿಯ ಬ್ರೆಮೆನ್ ಊರಿನ ಲುಡ್‌ವಿಗ್ ರೋಸೆಲಿಯುಸ್, 1906ರಲ್ಲಿ ಕಾಫೆ ಹಾಗ್ ಕಂಪನಿ ಶುರು ಮಾಡಿದವರು. ಆ ಕಾಲಕ್ಕೆ ಕೆಫೀನ್ ಕರಗಿಸಿ ತೆಗೆಯೋಕೆ ಬಳಸಿದ್ದು ಬೆಂಜೀನ್ ಅನ್ನುವ ವಿಷದ ದ್ರಾವಕ! ಅದೀಗ ಇಲ್ಲ, ಹೆದರಬೇಡಿ. ಈಗ ಡೈಕ್ಲೋರೋಮೀಥೇನ್ ಅನ್ನುವ ಇನ್ನೊಂದು ದ್ರಾವಕ ಬಳಸುವವರಿದ್ದಾರೆ. ಅದು ಸುಮಾರು 40 ಡಿಗ್ರಿಗೇ ಆವಿಯಾಗುತ್ತದೆ, ಬೀಜ ಹುರಿಯುವುದು 200 ಡಿಗ್ರಿ ಆಸುಪಾಸಿನಲ್ಲಿ, ಹಾಗಾಗಿ ಉಳಿಯುವುದು ತೀರಾ ಕಮ್ಮಿ. ಆದರೂ ನನಗೆ ಮನಸ್ಸು ಒಪ್ಪಲಿಲ್ಲ, ಪಕ್ಕಕ್ಕಿಟ್ಟೆ. ಒತ್ತಡದಲ್ಲಿರುವ ಕಾರ್ಬನ್ ಡೈಆಕ್ಸೈಡ್‌ನಿಂದ ತೆಗೆಯುವ ವಿಧಾನವೂ ಇದೆ, ಆ ಪ್ಯಾಕೆಟ್ ನನ್ನ ಕೈಗೆ ಸಿಗಲಿಲ್ಲ. ನಾನು ಕುಡಿದು ನೋಡಿದ್ದು ಎರಡು.

ಒಂದು, ಪ್ಯಾಕೆಟ್ ಮೇಲೆ ಶುಗರ್‌ಕೇನ್ ಅಥವಾ ಇ.ಎ. ಅಂತ ಬರೆದಿರುತ್ತದಲ್ಲ, ಅದು. ಕಬ್ಬಿನ ಕಾಕಂಬಿ ಹುಳಿಸಿ ಮಾಡಿದ ಈಥೈಲ್ ಅಸಿಟೇಟ್ (ಅದೇ ಇ.ಎ.) ಅನ್ನುವ ದ್ರಾವಕದಲ್ಲಿ ಕೆಫೀನ್ ಇಳಿಸುತ್ತಾರೆ, ಕೊಲಂಬಿಯಾದಲ್ಲಿ ಇದು ಜಾಸ್ತಿ. ಕಾಯಿಸಿದ ಬೆಲ್ಲದ ಪಾಕದ ಹಾಗೆ ಒಂದು ಸಿಹಿ, ಹಿಂದೆಯೇ ಹಣ್ಣಿನ ಹುಳಿ. ಬ್ಲ್ಯಾಕ್ ಕಾಫಿಗೆ ಸೊಗಸು. ಹಾಲು ಬಿದ್ದರೆ ಆ ಹುಳಿ ಸ್ವಲ್ಪ ಎದ್ದು ಕಾಣುತ್ತದೆ.

ಇನ್ನೊಂದು ಸ್ವಿಸ್ ವಾಟರ್. ಹೆಸರು ಸ್ವಿಸ್, ಕಾರ್ಖಾನೆ ಇರುವುದು ಕೆನಡಾದಲ್ಲಿ. ಅಲ್ಲಿರುವ ತಂಗಿ ರಜೆಗೆ ಬಂದಾಗ ಅರ್ಧ ಕೆಜಿ ತಂದಿದ್ದಳು. ಇದರ ಉಪಾಯ ನನಗೆ ತುಂಬಾ ಹಿಡಿಸಿತು. ಉಪ್ಪು ತುಂಬಿರುವ ನೀರಿಗೆ ಇನ್ನಷ್ಟು ಉಪ್ಪು ಹಾಕಿದರೆ ಕರಗಲ್ಲ, ಅಲ್ವಾ? ಹಾಗೇ ಕಾಫಿಯ ರುಚಿ ಎಲ್ಲಾ ತುಂಬಿಕೊಂಡ, ಆದರೆ ಕೆಫೀನ್ ಮಾತ್ರ ಇಲ್ಲದ ನೀರಲ್ಲಿ ಬೀಜ ನೆನೆಸುತ್ತಾರೆ. ರುಚಿ ಬೀಜದಲ್ಲೇ ಉಳಿಯುತ್ತದೆ, ಕೆಫೀನ್ ಒಂದೇ ಹೊರಗೆ ಬರುತ್ತದೆ, ಅದನ್ನು ಇದ್ದಿಲಿನಲ್ಲಿ ಸೋಸುತ್ತಾರೆ. ರುಚಿ ಸ್ವಲ್ಪ ಮೃದು, ಕೋಕೋ ಮತ್ತು ಹುರಿದ ಕಡಲೆಕಾಯಿ ಥರ. ನಮ್ಮ ಹಾಲು ಕಾಫಿಗೆ ಇದೇ ಹೊಂದಿಕೊಂಡಿತು.

ಎರಡರಲ್ಲಿ ಯಾವುದೇ ಸಿಕ್ಕಲಿ, ನಾನೀಗ ಮೊದಲು ನೋಡುವುದು ಹುರಿದ ದಿನಾಂಕ. ಮೂರು ವಾರ ದಾಟಿದ್ದರೆ ಬೇಡ. 250 ಗ್ರಾಂಗಿಂತ ದೊಡ್ಡ ಪ್ಯಾಕೆಟ್ ಬೇಡ. ಬಣ್ಣ ಮೀಡಿಯಂಗಿಂತ ಒಂಚೂರು ಗಾಢ ಇರಲಿ, ತೀರಾ ಲೈಟ್ ಆದರೆ ಹಾಲಲ್ಲಿ ಕಳೆದೇ ಹೋಗುತ್ತದೆ. ಕಾಫಿಯ ಎರಡು ಮುಖ್ಯ ಜಾತಿಗಳಲ್ಲಿ ರೊಬಸ್ಟಾದಲ್ಲಿ ಮೂಲದಲ್ಲೇ ಕೆಫೀನ್ ಅರೇಬಿಕಾದ ಎರಡರಷ್ಟು ಹತ್ತಿರ ಇರುತ್ತದೆ, ಹಾಗಾಗಿ ಅರೇಬಿಕಾ. ಪೂರ್ತಿ ಸೊನ್ನೆ ಅಂತ ಮಾತ್ರ ತಿಳಿಯಬೇಡಿ. ಯುರೋಪಿನ ಹಲವು ದೇಶಗಳ ನಿಯಮದ ಪ್ರಕಾರ ಹುರಿದ ಡಿಕಾಫ್‌ನಲ್ಲಿ ಕೆಫೀನ್ 0.1% ತನಕ ಇರಬಹುದು. ಎರಡು ಲೋಟಕ್ಕೆ 20 ಗ್ರಾಂ ಪುಡಿ ಹಾಕಿದರೆ ಹೆಚ್ಚೆಂದರೆ 20 ಮಿಲಿಗ್ರಾಂ, ಲೋಟಕ್ಕೆ 10. ಇಷ್ಟೇ ಅರೇಬಿಕಾ ಪುಡಿಯ ಮಾಮೂಲಿ ಕಾಫಿಯಲ್ಲಿ ಲೋಟಕ್ಕೆ 100ರ ಮೇಲೆ ಹೋಗುತ್ತದೆ.

ಬೀಜ ಒಳ್ಳೆಯದು ಸಿಕ್ಕ ಮೇಲೂ ಫಿಲ್ಟರ್ ಕೈಕೊಟ್ಟಿತು. ಎಂದಿನ ಪುಡಿಗೆ ಮಾಡಿದ ಹಾಗೇ ನುಣ್ಣಗೆ ಬೀಸಿ, ಒತ್ತುವ ತಟ್ಟೆಯಿಂದ ಗಟ್ಟಿಯಾಗಿ ಅದುಮಿ, ಬಿಸಿನೀರು ಸುರಿದು ಮುಚ್ಚಿಟ್ಟೆ. ಒಂದು ಗಂಟೆ ಬಿಟ್ಟು ನೋಡಿದರೆ ಕೆಳಗೆ ನಾಲ್ಕು ಚಮಚ, ಮೇಲೆ ನೀರು ಹಾಗೇ ನಿಂತಿದೆ. ಸೌಟಿನಲ್ಲಿ ತಟ್ಟಿದೆ, ಮುಚ್ಚಳ ತೆಗೆದು ನೋಡಿದೆ, ಬೈದೆ. ಡಿಕಾಫ್ ಬೀಜ ಬೇಗ ಪುಡಿಪುಡಿ ಆಗುತ್ತದೆ. ಬೀಸುವಾಗ ಹಿಟ್ಟಿನಂಥ ಪುಡಿ ಜಾಸ್ತಿ ಬಂದು ಫಿಲ್ಟರ್ ತೂತುಗಳಲ್ಲಿ ಕೂತುಬಿಡುತ್ತದೆ. ಈಗ ಸಣ್ಣ ರವೆ ಹದಕ್ಕೆ ಬೀಸುತ್ತೇನೆ, ತಟ್ಟೆಯನ್ನು ಸುಮ್ನೆ ಮೇಲೆ ಇಡುತ್ತೇನೆ, ಅದುಮಲ್ಲ. ದಪ್ಪ ಪುಡಿಯಲ್ಲಿ ಡಿಕಾಕ್ಷನ್ ತೆಳುವಾಗುತ್ತದೆ ಅಂತ 20 ಗ್ರಾಂ ಬದಲು 25 ಹಾಕುತ್ತೇನೆ. ಎರಡನೇ ಡಿಕಾಕ್ಷನ್ ಆಸೆ ಬಿಟ್ಟುಬಿಡಿ, ಬರುವುದು ಬರೀ ಬಣ್ಣದ ನೀರು.

ಇಷ್ಟಾದರೂ ಏನೋ ಕಮ್ಮಿ ಅನ್ನಿಸುತ್ತಿತ್ತು. ನಾಲಿಗೆ ಮೇಲೆ ಕೂರುವ ಆ ದಪ್ಪ ಇಲ್ಲ. ಆಗ ಅಂಗಡಿಯವರ ಮಾತು ನೆನಪಾಯಿತು. ಹೋಗಿ 50 ಗ್ರಾಂ ಬರೀ ಚಿಕೋರಿ ತಂದೆ. ಅವರ ಮುಖದಲ್ಲಿ ಒಂದು ನಗು, ನಾನು ನೋಡದ ಹಾಗೆ ಚಿಲ್ಲರೆ ಎಣಿಸಿಕೊಂಡೆ. 85 ಪಾಲು ಡಿಕಾಫ್, 15 ಪಾಲು ಚಿಕೋರಿ. ಕೆಫೀನ್ ಒಂಚೂರೂ ಹೆಚ್ಚಲ್ಲ, ಡಿಕಾಕ್ಷನ್‌ಗೆ ಮೈ ಬರುತ್ತದೆ, ಹುಳಿಯೂ ಅಡಗುತ್ತದೆ. ಅವತ್ತು ಏನೂ ಹೇಳದೆ ಅಮ್ಮನಿಗೆ ಕೊಟ್ಟೆ. ಲೋಟ ಖಾಲಿ ಮಾಡಿ, "ಸಕ್ಕರೆ ಒಂದರ್ಧ ಚಮಚ ಕಮ್ಮಿ ಆಯ್ತು" ಅಂದರು, ಅಷ್ಟೇ.

ಖರ್ಚು ಜಾಸ್ತಿ, ಅದು ನಿಜ. ಬೆಳಿಗ್ಗೆಗೆ ಹಳೆಯ ಪುಡಿಯೇ, ಸಂಜೆಗೆ ಮಾತ್ರ ಇದು. ಎರಡೂ ಒಂದೇ ಥರದ ಸ್ಟೀಲ್ ಡಬ್ಬಿಯಲ್ಲಿ ಇಟ್ಟಿದ್ದೆ. ಹೋದ ಭಾನುವಾರ ಡಬ್ಬಿ ಅದಲುಬದಲಾಗಿ, ಬೆಳಿಗ್ಗೆ ಇಡೀ ಮನೆ ತೂಕಡಿಸಿತು, ರಾತ್ರಿ ಎರಡು ಗಂಟೆಗೆ ಅಮ್ಮ ಮತ್ತು ನಾನು ಹಾಲ್‌ನಲ್ಲಿ ಕೂತು ಅವರೆಕಾಯಿ ಬಿಡಿಸಿದೆವು. ಈಗ ಡಿಕಾಫ್ ಡಬ್ಬಿಗೆ ಕೆಂಪು ರಬ್ಬರ್ ಬ್ಯಾಂಡ್ ಹಾಕಿದ್ದೇನೆ.