ನಮ್ಮೂರಿನ ತಲೆ ಲೆಕ್ಕ: ನಾಲ್ಕನೇ ತಿಂಗಳು

ಈ ತಿಂಗಳು ಎರಡು ಬೀದಿ ಮುಗಿಯಿತು. ಹೊಳೆ ಕಡೆಯ ಮನೆಗಳು, ತೋಟದ ಲೈನುಗಳು (ಆಳುಗಳು ಇರುವ ಸಾಲು ಮನೆಗಳು) ಇನ್ನೂ ಬಾಕಿ ಇವೆ. ಹೊಸದಾಗಿ ಓದುವವರಿಗೆ ಒಂದು ಮಾತು: ಮೂಡಿಗೆರೆ ತಾಲ್ಲೂಕಿನ ನಮ್ಮ ಪುಟ್ಟ ಊರಿನಲ್ಲಿ ಹಿಂದೆ ಯಾರ್ಯಾರಿದ್ದರು, ಈಗ ಯಾರಿದ್ದಾರೆ ಅಂತ ಮನೆ ಮನೆಗೆ ಹೋಗಿ ಬರೆದುಕೊಳ್ಳುತ್ತಿದ್ದೇನೆ.

ಎಣಿಸೋದು ಸುಲಭ ಅಂದುಕೊಂಡೇ ಶುರು ಮಾಡಿದ್ದೆ. ಮೇಲಿನ ಬೀದಿಯ ಅಜ್ಜಿಯೊಬ್ಬರು ಅದನ್ನು ಬದಲಾಯಿಸಿದರು. "ಅಜ್ಜಿ, ನಿಮ್ಮನೇಲಿ ಎಷ್ಟು ಜನ?" ಅಂದೆ. "ಹನ್ನೊಂದು" ಅಂದರು. ಮನೆಯಲ್ಲಿದ್ದದ್ದು ಅವರು ಮತ್ತು ಸಣ್ಣ ಮಗ, ಇಬ್ಬರೇ. ಉಳಿದವರು ಬೆಂಗಳೂರು, ಹಾಸನ, ಮಂಗಳೂರಿನಲ್ಲಿ. ನಾನು ಪೆನ್ನು ಹಿಡಿದು ಯೋಚಿಸುತ್ತಾ ಕೂತೆ. "ಎಲ್ಲಿದ್ರೇನು, ಸುಗ್ಗಿಗೆ ಬರಲ್ವಾ? ಬರ್ಕೋ ಮಗಾ" ಅಂದರು. ಬರೆದುಕೊಂಡೆ.

ಅವತ್ತು ರಾತ್ರಿ ಪುಸ್ತಕದಲ್ಲಿ ಹೊಸದಾಗಿ ಮೂರು ಕಾಲಂ ಎಳೆದೆ: ಇಲ್ಲೇ ಮಲಗುವವರು, ಹಬ್ಬಕ್ಕೆ ಬರುವವರು, ಕೊಯ್ಲಿಗೆ ಬರುವವರು. ಮುಗಿಸಿದ್ದ ಮನೆಗಳಿಗೂ ಮತ್ತೆ ಹೋಗಬೇಕಾಯಿತು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ, ಕೂರಿಸಿ ಕಾಫಿ ಕೊಟ್ಟರು.

ಸರ್ಕಾರದ ಜನಗಣತಿಗೂ ಇದೇ ಪ್ರಶ್ನೆ ಇತ್ತು. 1881ರಲ್ಲಿ ಫೆಬ್ರವರಿ 17ರ ಒಂದೇ ರಾತ್ರಿ, ಯಾರು ಎಲ್ಲಿದ್ದರೋ ಅಲ್ಲೇ ಅವರನ್ನು ಎಣಿಸಿದರು. ಒಂದು ರಾತ್ರಿಯ ಈ ಪದ್ಧತಿ 1931ರವರೆಗೂ ನಡೆಯಿತು. 2011ರಲ್ಲಿ ಎಣಿಸಿದ್ದು ಫೆಬ್ರವರಿ 9ರಿಂದ 28ರವರೆಗೆ. ಆ ದಿನಗಳಷ್ಟೂ ಇಲ್ಲೇ ಇದ್ದವರು ಇಲ್ಲಿಯ ಲೆಕ್ಕಕ್ಕೆ. ತಿಂಗಳು ನೋಡಿ. ಫೆಬ್ರವರಿ ಅಂದರೆ ನಮ್ಮಲ್ಲಿ ರೊಬಸ್ಟಾ ಕಾಫಿ ಕೊಯ್ಲು. ಲೈನುಗಳು ತುಂಬಿರುತ್ತವೆ. ಹಿಂದೆಲ್ಲ ಘಟ್ಟದ ಕೆಳಗಿನಿಂದ, ದಕ್ಷಿಣ ಕನ್ನಡದ ಕಡೆಯಿಂದ ಆಳುಗಳು ಹತ್ತಿ ಬರುತ್ತಿದ್ದರು, ಕೆಲಸ ಮುಗಿದ ಮೇಲೆ ಇಳಿದು ಹೋಗುತ್ತಿದ್ದರು. ಈಗ ಅಸ್ಸಾಂ ಕಡೆಯವರು ಬರುತ್ತಾರೆ. ಅದೇ ಎಣಿಕೆಯನ್ನು ಜುಲೈ ಮಳೆಯಲ್ಲಿ ಮಾಡಿದ್ದರೆ ನಮ್ಮೂರು ಬೇರೆಯೇ ಕಾಣುತ್ತಿತ್ತು. ಈ ಕೆಲಸದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಇದೇ.

ಜಿಲ್ಲೆಯ ಅಂಕಿ ನೋಡಿದಾಗ ಮನಸ್ಸು ಭಾರವಾಯಿತು. 2001ರಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿ 11,40,905 ಜನ. 2011ರಲ್ಲಿ 11,37,961. ಆ ಹತ್ತು ವರ್ಷದಲ್ಲಿ ಕರ್ನಾಟಕದಲ್ಲಿ ಜನ ಕಡಿಮೆಯಾದ ಜಿಲ್ಲೆ ನಮ್ಮದೊಂದೇ. ವ್ಯತ್ಯಾಸ 2,944 ಅಷ್ಟೇ ಅನ್ನಿಸಬಹುದು. ಆದರೆ ಹುಟ್ಟಿದ ಮಕ್ಕಳನ್ನು ಸೇರಿಸಿದ ಮೇಲೂ ಕಡಿಮೆ ಅಂದರೆ, ಬಿಟ್ಟು ಹೋದವರು ಅದಕ್ಕಿಂತ ಎಷ್ಟೋ ಜಾಸ್ತಿ ಅಲ್ವಾ?

ಹಿಂದೆ ಜನ ಕಡಿಮೆಯಾಗಿದ್ದರ ಕಥೆ ಬೇರೆ. 1871ರಲ್ಲಿ ಮೈಸೂರು ಸಂಸ್ಥಾನದಲ್ಲಿ 50,55,412 ಜನರಿದ್ದರು. 1881ರ ಹೊತ್ತಿಗೆ 41,86,188. ನಡುವೆ 1876ರಿಂದ 78ರ ಧಾತು ಈಶ್ವರ ಬರ ಬಂದು ಹೋಗಿತ್ತು. ಬರದ ಪೆಟ್ಟು ಬಯಲುಸೀಮೆಗೆ ಜಾಸ್ತಿ. ನಮ್ಮ ಮಲೆನಾಡನ್ನು ಬಹಳ ಕಾಲ ಕಾಡಿದ್ದು ಚಳಿಜ್ವರ, ಅಂದರೆ ಮಲೇರಿಯಾ.

ಎರಡನೇ ಭಾನುವಾರ ಅಂಗಡಿ ಅನ್ನೋ ಊರಿಗೆ ಹೋಗಿ ಬಂದೆ. ಇದೇ ತಾಲ್ಲೂಕು. ಹೊಯ್ಸಳರ ಮೂಲ ಊರು ಸೊಸೆವೂರು ಇದೇ ಅಂತ ಹೇಳುತ್ತಾರೆ. ಸಳ ಹುಲಿ ಹೊಡೆದ ಕಥೆ ಇಲ್ಲಿನ ವಾಸಂತಿಕಾ ದೇವಿಯ ಗುಡಿಗೆ ಅಂಟಿಕೊಂಡಿದೆ. ಹಳೇ ಬಸದಿಗಳ ಮುಂದೆ ತುಂಬಾ ಹೊತ್ತು ನಿಂತೆ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಅಂಗಡಿಯ ಶಾಸನಗಳು 6ನೇ ಸಂಪುಟದಲ್ಲಿವೆ. ಅದು ಕಡೂರು ಜಿಲ್ಲೆಯ ಸಂಪುಟ. ನಮ್ಮ ಜಿಲ್ಲೆಗೆ ಆಗ ಅದೇ ಹೆಸರು. ವಿನಯಾದಿತ್ಯ ರಾಜನ ಗುರು ಶಾಂತಿದೇವರು 1062ರಲ್ಲಿ ತೀರಿಕೊಂಡದ್ದು ಆ ಕಲ್ಲುಗಳಿಂದ ಗೊತ್ತಾಗುತ್ತದೆ. ಊರಲ್ಲಿ ಆಗ ಎಷ್ಟು ಜನರಿದ್ದರು ಅಂತ ಮಾತ್ರ ಕಲ್ಲು ಹೇಳುವುದಿಲ್ಲ. ಜನಗಣತಿ ಪುಸ್ತಕದಲ್ಲಿ ನಮ್ಮೂರಿನ ಮನೆ ಎಷ್ಟು, ಜನ ಎಷ್ಟು, ಓದು ಬರುವವರೆಷ್ಟು ಅಂತೆಲ್ಲ ಇದೆ, ಒಬ್ಬರ ಹೆಸರೂ ಇಲ್ಲ. ವಾಪಸ್ ಬಂದವನೇ ನನ್ನ ಪುಸ್ತಕದಲ್ಲಿ ಹೆಸರಿನ ಜಾಗವನ್ನು ಇನ್ನಷ್ಟು ಅಗಲ ಮಾಡಿದೆ.

ಒಂದು ನಷ್ಟವೂ ಆಗಿದೆ. ಹಳೇ ಶಾಲಾ ದಾಖಲಾತಿ ಪುಸ್ತಕ ಸಿಕ್ಕಿತು, ಆದರೆ ಮೊದಲ ಅರ್ಧಕ್ಕೆ ಗೆದ್ದಲು ಹಿಡಿದಿದೆ. ಉಳಿದ ಹಾಳೆಗಳ ಫೋಟೋ ತೆಗೆದುಕೊಂಡೆ. ಹೋದ ಹೆಸರುಗಳನ್ನು ಹಿರಿಯರನ್ನು ಕೇಳಿಯೇ ತುಂಬಬೇಕು, ಅದೂ ಬೇಗ.

ಮುಂದಿನ ಭಾನುವಾರ ಲೈನಿನ ಕಡೆ. ಅಲ್ಲಿನವರ ಹೆಸರುಗಳನ್ನು ತಪ್ಪಿಲ್ಲದೆ ಬರೆದುಕೊಳ್ಳಬೇಕು. ತೋಟದ ಲೆಕ್ಕ ಬರೆಯುವ ರೈಟರ ಮಗನಿಗೆ ಹಿಂದಿ ಚೆನ್ನಾಗಿ ಬರುತ್ತದೆ, ಜೊತೆಗೆ ಬರ್ತೀನಿ ಅಂದಿದ್ದಾನೆ.