‘ನನ್ನ ಕಾಂಪೋಸಿಟ್‌ನಲ್ಲಿ ಏನು ಸರಿಯಿಲ್ಲ, ಹೇಳ್ತೀರಾ?’

ಎರಡು ಮೂರು ಫೋಟೋಗಳನ್ನು ಬೆಸೆದು ಒಂದು ಚಿತ್ರ ಮಾಡುವವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ನೋಡಿದವರು ಚೆನ್ನಾಗಿದೆ ಅಂತಾರೆ, ಇಲ್ಲವೇ ಏನೋ ಸರಿಯಿಲ್ಲ ಅಂತಾರೆ. ಎರಡರಿಂದಲೂ ಮುಂದೇನು ಮಾಡಬೇಕು ಅಂತ ತಿಳಿಯಲ್ಲ. ಉಪಯೋಗಕ್ಕೆ ಬರುವಂಥ ಫೀಡ್‌ಬ್ಯಾಕ್ ಪಡೆಯೋದು ಹೇಗೆ?’

‘ಏನೋ ಸರಿಯಿಲ್ಲ’ ಎಂಬ ಮಾತನ್ನು ದಯವಿಟ್ಟು ತಳ್ಳಿಹಾಕಬೇಡಿ. ಹುಟ್ಟಿದಾಗಿನಿಂದ ನಿಜವಾದ ಬೆಳಕು, ನಿಜವಾದ ನೆರಳು ನೋಡಿಕೊಂಡು ಬಂದ ಕಣ್ಣು ಅದು, ಅಪಸ್ವರವನ್ನು ಥಟ್ಟನೆ ಹಿಡಿಯುತ್ತದೆ. ಆದರೆ ಯಾಕೆ ಅಂತ ಕೇಳಿದರೆ, ಬಾಯಿಗೆ ಬಂದ ಕಾರಣವೊಂದನ್ನು ಹೇಳಿಬಿಡುತ್ತಾರೆ. ಎಡವಟ್ಟು ಎಲ್ಲಿದೆ ಎಂಬುದನ್ನು ಅವರಿಂದ ತಿಳಿದುಕೊಳ್ಳಿ. ಯಾಕಾಗಿದೆ ಎಂಬುದನ್ನು ನೀವೇ ಹುಡುಕಬೇಕು.

ಕಿಟಕಿಯ ಪಕ್ಕ ನಿಲ್ಲಿಸಿ ತೆಗೆದ ಹುಡುಗಿಯ ಫೋಟೋವನ್ನು ಮಂಜು ಮುಸುಕಿದ ಕೆರೆದಂಡೆಗೆ ತಂದು, ತುಸು ದೂರದ ಮರವೊಂದರ ಪಕ್ಕ ನಿಲ್ಲಿಸಿದ್ದೀರಿ ಅಂತಿಟ್ಟುಕೊಳ್ಳಿ. ನೋಡಿದವರು ಹೇಳುತ್ತಾರೆ: ‘ಕೂದಲಿನ ಕಟಿಂಗ್ ನೀಟಾಗಿಲ್ಲ.’ ನೀವು ಮಾಸ್ಕ್ (ಚಿತ್ರದ ಭಾಗವನ್ನು ಅಳಿಸದೆ ಮರೆಮಾಡುವ ಸಾಧನ) ತೆರೆದು ಒಂದೊಂದೇ ಎಳೆ ಬಿಡಿಸುತ್ತಾ ಕೂರುತ್ತೀರಿ. ಚಿತ್ರ ಮಾತ್ರ ಮೊದಲಿನಂತೆಯೇ ಇರುತ್ತದೆ. ಈಗ ಐಡ್ರಾಪರ್ (ಒಂದು ಬಿಂದುವಿನ ಬಣ್ಣದ ಅಳತೆ ತೋರಿಸುವ ಉಪಕರಣ) ಹಿಡಿದು ಅಳೆದು ನೋಡಿ. 0ಯಿಂದ (ಪೂರ್ತಿ ಕಪ್ಪು) 255ರವರೆಗಿನ (ಪೂರ್ತಿ ಬಿಳಿ) ಅಳತೆಯಲ್ಲಿ ಅವಳ ಕೂದಲಿನ ಅತಿ ಕಪ್ಪು ಜಾಗ 8 ತೋರಿಸುತ್ತದೆ. ಅವಳಷ್ಟೇ ದೂರದಲ್ಲಿರುವ ಮರದ ಕಾಂಡದ ಅತಿ ಕಪ್ಪು 70. ನಡುವೆ ಇರುವ ಮಂಜು ಬೆಳಕನ್ನು ಚದುರಿಸಿ ಎಲ್ಲ ಕಪ್ಪಿನ ಮೇಲೂ ತೆಳುವಾದ ಬಿಳುಪು ಹರಡುತ್ತದೆ. ಮರಕ್ಕೆ ಅದು ತಾಗಿದೆ, ಹುಡುಗಿಗೆ ತಾಗಿಲ್ಲ. ಅಂಚು ಎದ್ದು ಕಾಣುವುದಕ್ಕೆ ಕಾರಣ ಇದು, ಕತ್ತರಿಸಿದ ರೀತಿಯಲ್ಲ. ಅವಳ ಲೇಯರಿಗೆ (ಅವಳಿರುವ ಪದರಕ್ಕೆ) ಮಾತ್ರ ತಾಗುವಂತೆ ಒಂದು ಕರ್ವ್ಸ್ ಲೇಯರ್ (ಗೆರೆಯೊಂದನ್ನು ಎಳೆದು ಹೊಳಪು ತಿದ್ದುವ ಪದರ) ಕ್ಲಿಪ್ ಮಾಡಿ, ಆ ಗೆರೆಯ ಎಡಗಡೆ ಕೆಳತುದಿಯ ಬಿಂದುವನ್ನು ಮೇಲಕ್ಕೆತ್ತಿ. ಮಂಜಿನ ಬಣ್ಣ ನೀಲಿಗೆ ತಿರುಗಿದ್ದರೆ ನೀಲಿ ಚಾನೆಲ್ಲಿನಲ್ಲಿ (ಚಿತ್ರದ ನೀಲಿ ಬಣ್ಣದ ಭಾಗದಲ್ಲಿ) ಅದೇ ಬಿಂದುವನ್ನು ಇನ್ನಷ್ಟು ಎತ್ತಿ. ಕೂದಲನ್ನು ಮುಟ್ಟದೆಯೇ ಅಂಚು ಹಿನ್ನೆಲೆಗೆ ಸೇರಿಕೊಳ್ಳುತ್ತದೆ. ಆಮೇಲೆ ಕೆನ್ನೆ. ಕಿಟಕಿಯ ಬೆಳಕು ಒಂದು ಪಕ್ಕದಿಂದ ಮಾತ್ರ ಬಂದು ಇನ್ನೊಂದು ಪಕ್ಕವನ್ನು ಕತ್ತಲಲ್ಲಿಟ್ಟಿದೆ. ಮಂಜಿನೊಳಗೆ ನಿಂತವರಿಗೆ ಬೆಳಕು ಎಲ್ಲ ಕಡೆಯಿಂದಲೂ ಬರುತ್ತದೆ. ಆ ನೆರಳನ್ನು ತಿಳಿಯಾಗಿಸದೆ ಅವಳು ಆ ದಂಡೆಯವಳಾಗುವುದಿಲ್ಲ.

ಹಾಗಾದರೆ ಕೇಳುವುದು ಹೇಗೆ? ‘ಹೇಗಿದೆ?’ ಅಂತ ಕೇಳಿದರೆ ಸಿಗುವುದು ಮರ್ಯಾದೆಯ ಮಾತು. ನಾನು ಕೇಳುವುದು ಹೀಗೆ: ‘ಮೊದಲು ನಿಮ್ಮ ಕಣ್ಣು ಎಲ್ಲಿಗೆ ಹೋಯಿತು? ಎಲ್ಲಿ ತಡೆಯಿತು? ಈ ಚಿತ್ರದಲ್ಲಿ ಏನು ನಡೆಯುತ್ತಿದೆ?’ ಈ ಮೂರಕ್ಕೆ ಉತ್ತರಿಸಲು ಫೋಟೋಗ್ರಫಿ ಗೊತ್ತಿರಬೇಕಿಲ್ಲ. ಗೊತ್ತಿಲ್ಲದವರ ಉತ್ತರಕ್ಕೇ ನಾನು ಹೆಚ್ಚು ಬೆಲೆ ಕೊಡುತ್ತೇನೆ, ಏಕೆಂದರೆ ಅವರು ತಂತ್ರ ಹುಡುಕದೆ ಚಿತ್ರ ನೋಡುತ್ತಾರೆ. ಎಷ್ಟು ಲೇಯರ್ ಬಳಸಿದಿರಿ, ಎಲ್ಲಿ ಕಷ್ಟಪಟ್ಟಿರಿ ಎಂಬುದನ್ನು ಮೊದಲೇ ಹೇಳಬೇಡಿ. ಹೇಳಿದರೆ ಕಣ್ಣು ಅಲ್ಲಿಗೇ ಹೋಗುತ್ತದೆ. ಒಬ್ಬರ ಅಭಿಪ್ರಾಯ ಇನ್ನೊಬ್ಬರಿಗೆ ಕಾಣದಂತೆ ಬೇರೆ ಬೇರೆಯಾಗಿ ಕೇಳಿ. ಯಾರೂ ಯಾರನ್ನೂ ನೋಡದೆ ಒಂದೇ ಜಾಗಕ್ಕೆ ಬೆರಳಿಟ್ಟರೆ ಅಲ್ಲಿ ಕೆಲಸ ಬಾಕಿಯಿದೆ ಎಂದರ್ಥ. ಒಂದನ್ನು ಮಾತ್ರ ಮುಂಚೆಯೇ ತಿಳಿಸಬೇಕು: ಚಿತ್ರ ನಿಜವೆನಿಸಬೇಕೋ, ಕನಸಿನಂತಿರಬೇಕೋ. ಹಾರುವ ಮೀನಿನ ಚಿತ್ರಕ್ಕೆ ‘ಮೀನು ಹಾರಲ್ಲ’ ಎಂಬ ವಿಮರ್ಶೆಯಿಂದ ಯಾರಿಗೂ ಲಾಭವಿಲ್ಲ. ಕೆಲಸ ಬಲ್ಲವರ ಬಳಿ ಹೋಗುವಾಗ ಮಾತ್ರ ಮೂಲ ಫೋಟೋಗಳನ್ನೂ ಜೊತೆಗೆ ಕೊಡಿ. ಅವಿಲ್ಲದೆ ಅವರೂ ಊಹಿಸಬೇಕಾಗುತ್ತದೆ.

ಬೇರೆಯವರ ಸಮಯ ಕೇಳುವ ಮುಂಚೆ ನೀವೇ ಮಾಡಿಕೊಳ್ಳಬಹುದಾದ ಪರೀಕ್ಷೆಗಳಿವೆ. ಚಿತ್ರವನ್ನು ಎಡಬಲ ಫ್ಲಿಪ್ ಮಾಡಿ ನೋಡಿ. ಎಲ್ಲಕ್ಕಿಂತ ಮೇಲೆ ಒಂದು ಬ್ಲ್ಯಾಕ್ ಅಂಡ್ ವೈಟ್ ಲೇಯರ್ ಇಟ್ಟರೆ ಬಣ್ಣದ ಗದ್ದಲ ಹೋಗಿ, ಹೊಳಪಿನ ವ್ಯತ್ಯಾಸ ಬೆತ್ತಲಾಗುತ್ತದೆ. ನೂರು ಪರ್ಸೆಂಟ್ ಝೂಮ್‌ನಲ್ಲಿ ಗ್ರೇನ್ (ಫೋಟೋದಲ್ಲಿ ಕಾಣುವ ಸಣ್ಣ ಕಾಳುಕಾಳು, ನಾಯ್ಸ್ ಅಂತಲೂ ಅಂತಾರೆ) ಹೋಲಿಸಿ. ಹಿನ್ನೆಲೆಯಲ್ಲಿ ನಾಯ್ಸ್ ಇದ್ದು ವ್ಯಕ್ತಿ ಮಾತ್ರ ನುಣುಪಾಗಿದ್ದರೆ ಯಾವ ಬಣ್ಣದ ಕೆಲಸವೂ ಅದನ್ನು ಮುಚ್ಚುವುದಿಲ್ಲ.

ನೆರಳಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ‘ತೇಲುತ್ತಿರುವ ಹಾಗಿದೆ’ ಎಂಬ ದೂರು ಬಹುತೇಕ ಅಲ್ಲಿಂದಲೇ ಹುಟ್ಟುತ್ತದೆ. ಪಾದ ನೆಲ ಮುಟ್ಟುವ ಗೆರೆಯಲ್ಲಿ ಕಿರಿದಾದ, ತುಂಬಾ ಗಾಢವಾದ ನೆರಳಿರಬೇಕು. ಅದು ಮೋಡದ ದಿನವೂ ಇರುತ್ತದೆ. ಬಿಸಿಲಾದರೆ, ಸೂರ್ಯ ಆಕಾಶದಲ್ಲಿ ಸುಮಾರು ಅರ್ಧ ಡಿಗ್ರಿ ಅಗಲವಾಗಿ ಕಾಣುವುದರಿಂದ, ನೆರಳಿನ ಅಂಚು ದೂರ ಹೋದಂತೆ ಮಸುಕಾಗುತ್ತದೆ: ವಸ್ತುವಿನಿಂದ 1 ಮೀಟರ್ ದೂರಕ್ಕೆ ಸರಿಸುಮಾರು 1 ಸೆಂಟಿಮೀಟರ್. ಪಾದದ ಬಳಿ ಚೂಪು, ತಲೆಯ ನೆರಳಿಗೆ ಹೋಗುವಷ್ಟರಲ್ಲಿ ಮೆದು. ಇಡೀ ನೆರಳಿಗೆ ಒಂದೇ ಪ್ರಮಾಣದ ಬ್ಲರ್ ಹಾಕಿದರೆ ನೋಡುವವನಿಗೆ ಕಾರಣ ಗೊತ್ತಾಗದಿದ್ದರೂ ಇರುಸುಮುರುಸು ಖಂಡಿತ. ಬಯಲಿನ ಬಿಸಿಲಿನಲ್ಲಿ ನೆರಳು ಶುದ್ಧ ಕಪ್ಪೂ ಅಲ್ಲ, ನೀಲಿ ಆಕಾಶದ ಬೆಳಕು ಅದರೊಳಗೆ ಸೇರಿರುತ್ತದೆ.

ಎಡಿಟಿಂಗ್‌ನಿಂದ ಸರಿಹೋಗದ ತಪ್ಪೂ ಒಂದಿದೆ, ಅದು ಪರ್ಸ್‌ಪೆಕ್ಟಿವ್, ಅಂದರೆ ಕ್ಯಾಮೆರಾ ಎಲ್ಲಿಂದ ನೋಡಿತು ಎಂಬುದು. ಸಮತಟ್ಟಾದ ನೆಲದಲ್ಲಿ ನಿಂತವರ ಕಣ್ಣಿನ ಎತ್ತರಕ್ಕೆ ಕ್ಯಾಮೆರಾ ಇದ್ದರೆ, ಅದೇ ಎತ್ತರದ ಎಲ್ಲರ ಕಣ್ಣಿನ ಮಟ್ಟದಲ್ಲೇ ದಿಗಂತ ಹಾದುಹೋಗುತ್ತದೆ, ಅವರು ಹತ್ತಿರವಿರಲಿ, ದೂರವಿರಲಿ. ಕ್ಯಾಮೆರಾ ಸೊಂಟದ ಮಟ್ಟದಲ್ಲಿದ್ದರೆ ಎಲ್ಲರ ಸೊಂಟದ ಮಟ್ಟದಲ್ಲಿ. ವ್ಯಕ್ತಿಯನ್ನು ಮೇಲಿನಿಂದ ತೆಗೆದು, ಹಿನ್ನೆಲೆಯನ್ನು ನೆಲಮಟ್ಟದಿಂದ ತೆಗೆದಿದ್ದರೆ ಎರಡನ್ನು ಹೊಂದಿಸಲು ಹೆಣಗಬೇಡಿ, ಬೇರೆ ಫೋಟೋ ತೆಗೆಯಿರಿ.

ಅದಕ್ಕೇ ನನ್ನ ಒತ್ತಾಯ: ಮುಗಿದ ಮೇಲಲ್ಲ, ಕಚ್ಚಾ ಇರುವಾಗಲೇ ತೋರಿಸಿ. ಹೆನ್ರಿ ಪೀಚ್ ರಾಬಿನ್ಸನ್ 1858ರಲ್ಲಿ ಐದು ನೆಗೆಟಿವ್‌ಗಳನ್ನು ಬೆಸೆದು ಒಂದು ಪ್ರಸಿದ್ಧ ಚಿತ್ರ ಮಾಡಿದ ಫೋಟೋಗ್ರಾಫರ್. ಅಂಥ ಚಿತ್ರಗಳಿಗೆ ಮೊದಲು ಸ್ಕೆಚ್ ಬರೆದುಕೊಂಡು, ಬಳಿಕ ತುಂಡುಗಳನ್ನು ಚಿತ್ರೀಕರಿಸುವುದು ಅವನ ಪದ್ಧತಿ. ನಮಗೆ ಅದು ಇನ್ನೂ ಸುಲಭ. ಲ್ಯಾಸೋದಲ್ಲಿ (ಕೈಯಿಂದ ಸುತ್ತ ಗೆರೆ ಎಳೆದು ಆಯ್ದುಕೊಳ್ಳುವ ಉಪಕರಣ) ಒರಟಾಗಿ ಕತ್ತರಿಸಿ, ಜಾಗಕ್ಕಿಟ್ಟು, ಅಳತೆ, ದಿಗಂತ ಮತ್ತು ಬೆಳಕಿನ ದಿಕ್ಕಿನ ಬಗ್ಗೆ ಮಾತ್ರ ಕೇಳಿ. ಕೂದಲಿಗೆ ಗಂಟೆಗಟ್ಟಲೆ ಸುರಿದ ಮೇಲೆ ‘ದಿಗಂತ ತಪ್ಪಿದೆ’ ಎಂಬ ಮಾತನ್ನು ಕೇಳಿಸಿಕೊಳ್ಳುವ ಮನಸ್ಸು ಯಾರಿಗೂ ಉಳಿದಿರುವುದಿಲ್ಲ. ಎರೇಸರ್ ಬಿಟ್ಟು ಮಾಸ್ಕ್ ಬಳಸಿದ್ದರೆ ತಿದ್ದುವುದಕ್ಕೆ ದಾರಿಯೂ ತೆರೆದಿರುತ್ತದೆ.

ತಿದ್ದಿದ ಮೇಲೆ ಮತ್ತೆ ಯಾರಿಗೆ ತೋರಿಸುವುದು? ದೂರು ಹೇಳಿದವರಿಗೆ ಹಳೆಯದು, ಹೊಸದು ಎರಡನ್ನೂ ಪಕ್ಕಪಕ್ಕ ಇಟ್ಟು, ಆ ಜಾಗ ಸರಿಹೋಯಿತೇ ಎಂದಷ್ಟೇ ಕೇಳಿ. ಇಡೀ ಚಿತ್ರದ ಬಗ್ಗೆ ಕೇಳಲು ಅದನ್ನು ಇನ್ನೂ ನೋಡದವರನ್ನು ಹುಡುಕಿ, ಮೊದಲಿನವರ ಕಣ್ಣು ಇನ್ನು ಮೇಲೆ ಅದೇ ಮೂಲೆಗೆ ಓಡುತ್ತದೆ.